ಒಣಹೂವಿನ ಅಲಂಕಾರ: ಜಾಗ ಮೊದಲು, ಹೂವು ಆಮೇಲೆ

ಪ್ರಶ್ನೆ: ಮೇಡಂ, ಮದುವೆ ವಾರ್ಷಿಕೋತ್ಸವಕ್ಕೆ ಬಂದ ಕೆಂಪು ಗುಲಾಬಿಯ ಬೊಕೆಯನ್ನು ಒಂದು ವಾರ ನೀರಿನಲ್ಲಿಟ್ಟಿದ್ದೆ. ಬಾಡತೊಡಗಿದ ಮೇಲೆ ತಲೆಕೆಳಗಾಗಿ ನೇತುಹಾಕಿದೆ. ಒಣಗಿತು, ಆದರೆ ಕಪ್ಪಾಯಿತು. ಮುಟ್ಟಿದರೆ ದಳ ಉದುರುತ್ತದೆ. ಕೊಂಡು ತಂದ ಪಂಪಾಸ್ ಹುಲ್ಲು ಮತ್ತು ಬಿಳಿ ಜಿಪ್ಸೊಫಿಲಾವನ್ನು ಬಾತ್‌ರೂಮಿನ ಶೆಲ್ಫ್ ಮೇಲೆ ಇಟ್ಟಿದ್ದೆ. ಮೂರು ತಿಂಗಳಿಗೆ ಬೂದು ಚುಕ್ಕೆ ಬಂದಿವೆ. ಹಾಲ್‌ನ ಕಿಟಕಿ ಪಕ್ಕದ ಇನ್ನೊಂದು ಹೂದಾನಿಯಲ್ಲಿ ಬಣ್ಣವೇ ಹೋಗಿದೆ. ಒಣಹೂವು ವರ್ಷಗಟ್ಟಲೆ ಇರುತ್ತದೆ ಅಂತಾರಲ್ಲ? ನಾನು ಎಲ್ಲಿ ತಪ್ಪಿದೆ? ಮನೆಯಲ್ಲೇ ಒಣಗಿಸಿ, ಚೆನ್ನಾಗಿ ಜೋಡಿಸಿ ಇಡುವುದು ಹೇಗೆ? ಹೇರ್ ಸ್ಪ್ರೇ ಹೊಡೆದರೆ ಉಳಿಯುತ್ತದಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಸ್ವಲ್ಪ ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ. ನೀವು ಹೇಳಿದ ಮೂರೂ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ. ಬಾತ್‌ರೂಮಿನ ತಪ್ಪನ್ನಂತೂ ಎರಡು ಸಲ ಮಾಡಿದೆ. ಫೋಟೋಗಳಲ್ಲಿ ಬಾತ್‌ಟಬ್ ಪಕ್ಕ ಪಂಪಾಸ್ ಅಷ್ಟು ಚೆಂದ ಕಾಣುತ್ತದೆ, ಏನು ಮಾಡುವುದು!

ನಾವೆಲ್ಲ ಮಾಡುವುದು ಒಂದೇ ಕೆಲಸ. ಮೊದಲು ಹೂವು ಇಷ್ಟವಾಗುತ್ತದೆ. ಆಮೇಲೆ ಅದಕ್ಕೊಂದು ಹೂದಾನಿ ಹುಡುಕುತ್ತೇವೆ. ಕೊನೆಗೆ ಮನೆಯಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ಇಟ್ಟುಬಿಡುತ್ತೇವೆ. ತಾಜಾ ಹೂವಿಗೆ ಇದು ನಡೆಯುತ್ತದೆ, ಅದು ಹೇಗಿದ್ದರೂ ನಾಲ್ಕು ದಿನದ ಮಾತು. ಒಣಹೂವು ಅದೇ ಜಾಗದಲ್ಲಿ ಒಂದೂವರೆ ವರ್ಷ ಕೂರಬೇಕು. ಹಾಗಾಗಿ ಲೆಕ್ಕ ತಿರುಗಿಸಬೇಕು. ಮೊದಲು ಜಾಗ ನೋಡಿ. ಆ ಜಾಗಕ್ಕೆ ತಡೆಯುವ ಹೂವು ಯಾವುದು ಅಂತ ಯೋಚಿಸಿ. ಹೂದಾನಿ ಕೊನೆಗೆ.

ಜಾಗ ಯಾಕೆ ಅಷ್ಟು ಮುಖ್ಯ? ತಾಜಾ ಹೂವಿನ ತೂಕದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನೀರು. ಒಣಗಿಸುವುದು ಅಂದರೆ ಆ ನೀರು ತೆಗೆಯುವುದು, ಅಷ್ಟೇ. ಆದರೆ ಒಂದು ಸಲ ತೆಗೆದರೆ ಮುಗಿಯಲಿಲ್ಲ. ಒಣಗಿದ ದಳ ಹಳೆಯ ಕಾಗದದ ಹಾಗೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಹೀರಿಕೊಳ್ಳುತ್ತದೆ, ಗಾಳಿ ಒಣಗಿದರೆ ಬಿಟ್ಟುಕೊಡುತ್ತದೆ. ಸ್ನಾನದ ಹಬೆ ತುಂಬುವ ಕೋಣೆಯಲ್ಲಿ ಇದು ದಿನಾ ನಡೆಯುತ್ತದೆ. ತೇವ ಹೆಚ್ಚು ಹೊತ್ತು ನಿಂತರೆ ಬೂಷ್ಟು ಬರುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 60ರ ಕೆಳಗಿದ್ದರೆ ನಿಶ್ಚಿಂತೆ. 70 ದಾಟಿ ಕೆಲವು ದಿನ ಹಾಗೇ ಉಳಿದರೆ ಬೂಷ್ಟು ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ತೇವಾಂಶ ತೋರಿಸುವ ಅಂಗೈಯಷ್ಟಗಲದ ಡಿಜಿಟಲ್ ಮೀಟರ್ ಸಿಗುತ್ತದೆ. ಹೂವಿಗೆ ಹಣ ಹಾಕುವ ಮೊದಲು ಅದನ್ನು ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ಬಾತ್‌ರೂಮ್ ಬೇಡ. ಒಲೆಯ ಮೇಲಿನ ಶೆಲ್ಫೂ ಬೇಡ. ಅಲ್ಲಿ ಹಬೆಯ ಜೊತೆ ಜಿಡ್ಡೂ ಏಳುತ್ತದೆ. ಜಿಡ್ಡಿನ ಮೇಲೆ ಧೂಳು ಕೂತರೆ ಯಾವ ಬ್ರಷ್ಷಿಗೂ ಬರುವುದಿಲ್ಲ. ಫ್ಯಾನ್ ಅಥವಾ ಎಸಿಯ ಗಾಳಿ ನೇರವಾಗಿ ಬಡಿಯುವ ಜಾಗವೂ ಬೇಡ, ದಿನವಿಡೀ ಅಲುಗಾಡಿ ದಳ ಕಳಚುತ್ತದೆ. ಓಡಾಡುವಾಗ ಭುಜ ತಾಗುವ ಮೂಲೆ ಬೇಡವೇ ಬೇಡ.

ಇನ್ನು ಬೆಳಕು. ನಿಮ್ಮ ಹಾಲ್‌ನ ಹೂದಾನಿಯ ಬಣ್ಣ ತಿಂದಿದ್ದು ಇದೇ. ಹೂವಿನ ಬಣ್ಣಗಳು ಬೆಳಕಿಗೆ ಒಡೆಯುವ ರಾಸಾಯನಿಕಗಳು. ಅತಿನೇರಳೆ ಕಿರಣ ಹೆಚ್ಚು ಹಾಳು ಮಾಡುತ್ತದೆ ನಿಜ, ಆದರೆ ಕಣ್ಣಿಗೆ ಕಾಣುವ ಬೆಳಕೂ ಮಾಡುತ್ತದೆ. ಕಿಟಕಿಯ ಗಾಜು ಅತಿನೇರಳೆಯ ಒಂದು ಭಾಗವನ್ನು ಮಾತ್ರ ತಡೆಯುತ್ತದೆ. 'ಗಾಜಿನ ಒಳಗಿದೆಯಲ್ಲ' ಅನ್ನುವ ಸಮಾಧಾನ ಸುಮ್ನೆ.

ಒಂದು ಲೆಕ್ಕ ಕೇಳಿ. ಬೇಗ ಮಾಸುವ ವಸ್ತುಗಳಿಗೆ, ಅಂದರೆ ಹಳೆಯ ಬಟ್ಟೆ, ಜಲವರ್ಣ ಚಿತ್ರ ಇಂಥವಕ್ಕೆ, ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಬೆಳಕು ಇಡುತ್ತವೆ. ಲಕ್ಸ್ ಅಂದರೆ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ಮಾಸುವುದು ಒಟ್ಟು ಬಿದ್ದ ಬೆಳಕಿನ ಲೆಕ್ಕದಲ್ಲಿ. ಅಂದರೆ ಒಂದು ಗಂಟೆ ಖಡಕ್ ಬಿಸಿಲು ತಿಂದ ಹೂವು, ಆ ಮಂದ ಬೆಳಕಿನಲ್ಲಿ 2,000 ಗಂಟೆ ಕೂತದ್ದಕ್ಕೆ ಸಮ. ನಿಮ್ಮ ಕಿಟಕಿಯಲ್ಲಿ ಅಷ್ಟು ಬಿಸಿಲು ಬರಲಿಕ್ಕಿಲ್ಲ. ಅದರ ಹತ್ತರಲ್ಲಿ ಒಂದು ಪಾಲು ಬಂದರೂ ಲೆಕ್ಕ ಗಾಬರಿ ಹುಟ್ಟಿಸುತ್ತದೆ, ಅಲ್ವಾ? ಕಿಟಕಿಯಿಂದ ಎರಡು ಮೂರು ಮೀಟರ್ ಒಳಗೆ, ಬಿಸಿಲಿನ ಪಟ್ಟಿ ಯಾವ ಹೊತ್ತಿಗೂ ತಲುಪದ ಗೋಡೆ ಹುಡುಕಿ.

ಕತ್ತಲೆ ಮತ್ತು ಒಣ ಗಾಳಿ ಎರಡೂ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಈಜಿಪ್ಟಿನದು. 1922ರಲ್ಲಿ ಹೋವರ್ಡ್ ಕಾರ್ಟರ್ ತಂಡಕ್ಕೆ ತುತಾಂಖಮನ್ ದೊರೆಯ ಸಮಾಧಿ ಸಿಕ್ಕಿತು. ಒಳಗಿನ ಶವಪೆಟ್ಟಿಗೆಗಳ ಮೇಲೆ ಹೂಮಾಲೆಗಳಿದ್ದವು. ಆಲಿವ್ ಎಲೆ, ನೀಲಿ ನೈದಿಲೆಯ ದಳ, ಕಾರ್ನ್‌ಫ್ಲವರ್. 3,000 ವರ್ಷ ದಾಟಿದ ಮೇಲೂ ಯಾವ ಹೂವು ಅಂತ ಗುರುತು ಹಿಡಿಯುವಷ್ಟು ಉಳಿದಿದ್ದವು. ಯಾರೂ ಅವಕ್ಕೆ ಸ್ಪ್ರೇ ಹೊಡೆದಿರಲಿಲ್ಲ. ಹಾಗಂತ ನಾವು ಹೂದಾನಿಯನ್ನು ಗೋರಿಯೊಳಗೆ ಇಡುವುದಕ್ಕೆ ಆಗುತ್ತದಾ? ನೋಡುವುದಕ್ಕೇ ತಾನೆ ಇಡುವುದು. ನೋಡಬೇಕು ಅಂದರೆ ಬೆಳಕು ಬೇಕು, ಬೆಳಕು ಬಿದ್ದರೆ ಮಾಸುತ್ತದೆ. ಹಾಗಾಗಿ 'ವರ್ಷಗಟ್ಟಲೆ' ಅನ್ನುವ ಮಾತನ್ನು ನಾನು ಯಾರಿಗೂ ಕೊಡುವುದಿಲ್ಲ. ಒಳ್ಳೆಯ ಜಾಗದಲ್ಲಿ ಒಂದು ವರ್ಷ ಚೆಂದ, ಎರಡನೇ ವರ್ಷ ಪರವಾಗಿಲ್ಲ, ಮೂರನೇ ವರ್ಷ ನಿಮ್ಮ ಮಮಕಾರ. ಅಷ್ಟೇ ಲೆಕ್ಕ.

ಈಗ ಗುಲಾಬಿಗೆ ಬರೋಣ. ಕಪ್ಪಾದದ್ದಕ್ಕೆ ಎರಡು ಕಾರಣ. ಕೆಂಪು ಗುಲಾಬಿಯ ಬಣ್ಣ ಆಂಥೋಸಯನಿನ್. ಅದು ಜೀವಕೋಶದೊಳಗಿನ ರಸದಲ್ಲಿ ಕರಗಿರುತ್ತದೆ. ನೀರು ಹೋದ ಹಾಗೆ ಬಣ್ಣ ಗಾಢವಾಗುತ್ತದೆ, ದಳ ಮುದುರಿ ಇನ್ನೂ ದಟ್ಟವಾಗುತ್ತದೆ. ಇದು ತಪ್ಪಿದ್ದಲ್ಲ. ಕಡುಗೆಂಪು ಗುಲಾಬಿಯನ್ನು ಹೇಗೆ ಒಣಗಿಸಿದರೂ ಒಂದೆರಡು ಛಾಯೆ ಕಪ್ಪಾಗಿಯೇ ಬರುತ್ತದೆ. ಎರಡನೆಯ ಕಾರಣ ಮಾತ್ರ ನಿಮ್ಮ ಕೈಯಲ್ಲಿತ್ತು. ವಾರವಿಡೀ ನೀರಿನಲ್ಲಿಟ್ಟು, ಬಾಡಿದ ಮೇಲೆ ನೇತುಹಾಕಿದಿರಿ. ಅಷ್ಟೊತ್ತಿಗೆ ಜೀವಕೋಶಗಳು ಒಡೆಯುವುದಕ್ಕೆ ಶುರುವಾಗಿರುತ್ತವೆ. ಒಡೆದ ಕೋಶದೊಳಗಿನ ಕಿಣ್ವಗಳಿಗೆ ಗಾಳಿ ತಾಗಿದರೆ ಕಂದು ಬಣ್ಣ ಹುಟ್ಟುತ್ತದೆ. ಒಣಗುವುದು ನಿಧಾನವಾದಷ್ಟೂ ಕಂದು ಜಾಸ್ತಿ. ದಳ ಬುಡದಲ್ಲಿ ಸಡಿಲವಾಗುವುದೂ ಬಾಡುವಾಗಲೇ. ಒಣಗಿಸುವ ಹೂವನ್ನು ಅದರ ಒಳ್ಳೆಯ ದಿನದಲ್ಲೇ ತೆಗೆದುಕೊಳ್ಳಬೇಕು, ಅಂದರೆ ಅರಳುವ ಹೊತ್ತಿನಲ್ಲಿ, ಮುಕ್ಕಾಲು ಬಿರಿದಾಗ. ಬೊಕೆ ಬಂದರೆ ಎರಡು ದಿನ ನೋಡಿ ಖುಷಿಪಡಿ. ಮೂರನೇ ದಿನ ಒಣಗಿಸಲು ಇಡಿ. ಮನಸ್ಸು ಬರುವುದಿಲ್ಲ, ಗೊತ್ತು.

ಬಣ್ಣದ ಬಗ್ಗೆ ಇನ್ನೊಂದು ಮಾತು. ಹಳದಿ, ಕಿತ್ತಳೆ ಹೂವುಗಳು ಬಣ್ಣ ಚೆನ್ನಾಗಿ ಹಿಡಿದಿಡುತ್ತವೆ. ಲಾರ್ಕ್‌ಸ್ಪರ್, ಸ್ಟಾಟಿಸ್‌ನಂಥ ನೀಲಿ ನೇರಳೆಗಳೂ ಹಾಗೇ. ತೆಳು ಗುಲಾಬಿ ಬಣ್ಣದ ಗುಲಾಬಿ ಒಣಗಿದ ಮೇಲೆ ಗಾಢ ಗುಲಾಬಿಯಾಗಿ ಇನ್ನೂ ಚೆಂದ ಕಾಣುವುದುಂಟು. ಕೈ ಕೊಡುವುದು ಬಿಳಿ. ಬಿಳಿ ದಳ ಕೆನೆಬಣ್ಣಕ್ಕೆ, ಅಲ್ಲಿಂದ ಕಂದಿಗೆ ಹೋಗುತ್ತದೆ. ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿರುವ ಒಣಹೂವು ಕಂಡರೆ ಅದು ಬ್ಲೀಚ್ ಮಾಡಿದ್ದು ಅಂತ ತಿಳಿಯಿರಿ. ಅದು ಹಳದಿಗೆ ತಿರುಗುತ್ತದೆ, ಮುರಿಯುವುದೂ ಬೇಗ.

ಒಣಗಿಸುವ ವಿಧಾನವನ್ನು ಹೂವೇ ಹೇಳುತ್ತದೆ. ಮುಟ್ಟಿ ನೋಡಿ. ತಾಜಾ ಇರುವಾಗಲೇ ಕಾಗದದ ಹಾಗೆ ಸರಸರ ಅನ್ನುವ ಹೂವಿದ್ದರೆ ಸುಮ್ನೆ ನೇತುಹಾಕಿ, ಸಾಕು. ಸ್ಟ್ರಾಫ್ಲವರ್, ಸ್ಟಾಟಿಸ್, ಕಾಗದದ ಹೂವು, ಗುಂಡಗೆ ಬಟನ್ ಥರ ಇರುವ ಗೊಂಫ್ರಿನಾ, ಕೋಳಿಜುಟ್ಟಿನ ಹೂವು ಇವೆಲ್ಲ ಆ ಜಾತಿ. ಹೊಸಬರು ಇವುಗಳಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಹಟ. ಗುಲಾಬಿಯಿಂದ ಶುರು ಮಾಡಿದವರಲ್ಲಿ ಅರ್ಧ ಜನ ಅಲ್ಲಿಗೇ ಬಿಡುತ್ತಾರೆ. ಸ್ಟ್ರಾಫ್ಲವರ್‌ನಲ್ಲಿ ಒಂದು ಗುಟ್ಟಿದೆ. ಅದು ಕೊಯ್ದ ಮೇಲೂ ಅರಳುತ್ತದೆ. ಪೂರ್ತಿ ಬಿರಿದದ್ದನ್ನು ಕೊಯ್ದರೆ ಒಣಗುವಾಗ ಎಸಳು ಹಿಂದಕ್ಕೆ ಬಾಗಿ, ನಡುವಿನ ಹಳದಿ ಗುಬುಟು ಹೊರಗೆ ಬಂದು ವಿಕಾರವಾಗುತ್ತದೆ. ಹೊರಗಿನ ಎರಡು ಮೂರು ಸುತ್ತು ಎಸಳು ಬಿಡಿಸಿದಾಗಲೇ ಕತ್ತರಿಸಿ. ಅದರ ಕಾಂಡ ಒಣಗಿದ ಮೇಲೆ ತಲೆಯ ಭಾರ ತಡೆಯುವುದಿಲ್ಲ. ಹಾಗಾಗಿ ತಾಜಾ ಇರುವಾಗಲೇ ಕಾಂಡ ಕತ್ತರಿಸಿ ತೆಳು ತಂತಿ ಚುಚ್ಚಿಬಿಡಿ. ಹೂವು ಒಣಗುವಾಗ ಕುಗ್ಗಿ ತಂತಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗೋಂದು ಬೇಕಿಲ್ಲ.

ನೇತುಹಾಕುವುದು ಅಂದರೆ ಇಷ್ಟು. ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ಕೆಳಗಿನ ಎಲೆ ತೆಗೆಯಬೇಕು. ಐದಾರು ಕಡ್ಡಿಗಳ ಸಣ್ಣ ಕಟ್ಟು ಮಾಡಿ, ತಲೆಗಳು ಒಂದಕ್ಕೊಂದು ಒತ್ತದಂತೆ ಮೇಲೆ ಕೆಳಗೆ ಇಟ್ಟು ಕಟ್ಟಬೇಕು. ದಾರದ ಬದಲು ರಬ್ಬರ್ ಬ್ಯಾಂಡ್ ಹಾಕಿ. ಕಾಂಡ ಒಣಗಿ ಸಣ್ಣದಾದಾಗ ದಾರ ಸಡಿಲವಾಗಿ ಹೂವೆಲ್ಲ ನೆಲಕ್ಕೆ ಬೀಳುತ್ತದೆ, ರಬ್ಬರ್ ಬ್ಯಾಂಡ್ ತಾನೂ ಬಿಗಿಯಾಗುತ್ತದೆ. ಕತ್ತಲೆ ಇರುವ, ಗಾಳಿಯಾಡುವ ಕೋಣೆ ಬೇಕು. ಎರಡರಿಂದ ಮೂರು ವಾರ ಹಿಡಿಯುತ್ತದೆ. ಹೂವಿನ ಬುಡದಲ್ಲಿ ಕಾಂಡವನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಚಟ್ ಅಂದರೆ ಒಣಗಿದೆ, ಬಾಗಿದರೆ ಇನ್ನೂ ಇಲ್ಲ. ನಾನು ಒಮ್ಮೆ ಅವಸರಕ್ಕೆ ಅರೆ ಒಣಗಿದ ಗುಲಾಬಿಗಳನ್ನು ಮುಚ್ಚಳದ ಡಬ್ಬಿಗೆ ತುಂಬಿಟ್ಟೆ. ದಳ ಗರಿಗರಿಯಾಗಿತ್ತು, ಆದರೆ ಬುಡದ ಹಸಿರು ಗಂಟಿನಲ್ಲಿ ನೀರಿತ್ತು. ಹತ್ತು ದಿನ ಬಿಟ್ಟು ತೆಗೆದರೆ ಒಳಗೆಲ್ಲ ಬಿಳಿ ನೂಲು.

ಹೈಡ್ರೇಂಜಿಯಾದ್ದು ಬೇರೆ ದಾರಿ. ಅದನ್ನು ಎಳೆಯದಾಗಿ ಕೊಯ್ದು ನೇತುಹಾಕಿದರೆ ಮುದುರಿ ಹೋಗುತ್ತದೆ. ಗಿಡದಲ್ಲೇ ಬಲಿತು ದಳ ಸ್ವಲ್ಪ ಗರಿಯಾದ ಮೇಲೆ ಕೊಯ್ಯಿರಿ. ಹೂದಾನಿಯಲ್ಲಿ ಎರಡು ಬೆರಳು ನೀರು ಹಾಕಿ ನಿಲ್ಲಿಸಿ. ಮತ್ತೆ ನೀರು ತುಂಬಬೇಡಿ. ನೀರು ಆರುತ್ತಾ ಹೂವೂ ನಿಂತಲ್ಲೇ ನಿಧಾನಕ್ಕೆ ಒಣಗುತ್ತದೆ. 'ಬೇಗ ಒಣಗಿಸಿ' ಅನ್ನುವ ನನ್ನ ನಿಯಮಕ್ಕೆ ಇದೊಂದು ಅಪವಾದ.

ಗುಲಾಬಿ, ಡೇಲಿಯಾ, ಜಿನಿಯಾ ಇಂಥ ತುಂಬು ಹೂವುಗಳ ಆಕಾರ ಬೇಕು ಅಂದರೆ ಸಿಲಿಕಾ ಜೆಲ್ಲೇ ಸರಿ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಸಣ್ಣ ಪೊಟ್ಟಣ ಬರುತ್ತದಲ್ಲ, ಅದೇ ವಸ್ತು. ಆದರೆ ಆ ಪೊಟ್ಟಣದ ಗುಂಡುಗಳು ದಪ್ಪ, ದಳದ ಮೇಲೆ ಗುಳಿ ಬೀಳಿಸುತ್ತವೆ. ಹೂವಿಗೆಂದೇ ಬರುವ, ಸಣ್ಣ ಮರಳಿನಂಥ ಸಿಲಿಕಾ ತರಿಸಿಕೊಳ್ಳಿ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರು ಹೀರುವ ಶಕ್ತಿ ಅದಕ್ಕಿದೆ. ಅದರಲ್ಲಿ ಬಣ್ಣದ ಕಾಳುಗಳು ಬೆರೆತಿರುತ್ತವೆ. ನೀಲಿ ಕಾಳು ತೇವ ಹೀರಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ಅದು ವಿಷ. ಮನೆಗೆ ಕಿತ್ತಳೆ ಕಾಳಿನದ್ದೇ ವಾಸಿ.

ಗಾಳಿ ಹೋಗದಂತೆ ಮುಚ್ಚಳ ಕೂರುವ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಎರಡು ಮೂರು ಸೆಂಟಿಮೀಟರ್ ಸಿಲಿಕಾ ಹರಡಿ. ಗುಲಾಬಿಯ ಕಾಂಡವನ್ನು ಎರಡು ಬೆರಳಿನಷ್ಟು ಬಿಟ್ಟು ಕತ್ತರಿಸಿ, ಮುಖ ಮೇಲೆ ಬರುವಂತೆ ನಿಲ್ಲಿಸಿ. ಈಗ ನಿಜವಾದ ಕೆಲಸ. ಸಿಲಿಕಾವನ್ನು ಹೂವಿನ ಮೇಲೆ ಸುರಿಯಬೇಡಿ. ಮೊದಲು ಸುತ್ತ ಸುರಿಯಿರಿ. ಹೊರಗೆ ಎಷ್ಟು ಎತ್ತರ ಏರುತ್ತದೋ ಅಷ್ಟೇ ದಳಗಳ ನಡುವೆಯೂ ಚಮಚದಿಂದ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ. ಒಳಗೂ ಹೊರಗೂ ಒತ್ತಡ ಸಮ ಇದ್ದರೆ ದಳ ಇದ್ದ ಹಾಗೆಯೇ ನಿಲ್ಲುತ್ತದೆ. ಒಂದು ಹೂವಿಗೆ ಐದು ನಿಮಿಷ ಹಿಡಿಯಲಿ ಬಿಡಿ. ಪೂರ್ತಿ ಮುಚ್ಚಿದ ಮೇಲೆ ಡಬ್ಬಿಗೆ ಮುಚ್ಚಳ ಹಾಕಿ, ಮೇಲೆ ತಾರೀಕು ಬರೆಯಿರಿ. ಸುರಿಯುವಾಗ ಮೂಗಿಗೆ ಮಾಸ್ಕ್ ಇರಲಿ, ಆ ಧೂಳು ಒಳಗೆ ಹೋಗಬಾರದು.

ತೆಳು ಹೂವಿಗೆ ಮೂರು ದಿನ ಸಾಕು, ದಪ್ಪ ಗುಲಾಬಿಗೆ ಏಳು ದಿನದವರೆಗೂ ಬೇಕು. ಜಾಸ್ತಿ ದಿನ ಬಿಟ್ಟರೆ ಪುಡಿಯಾಗುವಷ್ಟು ಒಣಗುತ್ತದೆ. ಹೂವನ್ನು ಎಳೆದು ತೆಗೆಯಬೇಡಿ. ಡಬ್ಬಿಯನ್ನು ಓರೆ ಮಾಡಿ ಸಿಲಿಕಾ ಸುರಿಯುತ್ತಾ ಹೋಗಿ, ಹೂವು ತಾನೇ ಮೇಲೆ ಬರುತ್ತದೆ. ಉಳಿದ ಕಣಗಳನ್ನು ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಸವರಿ. ಬಳಸಿದ ಸಿಲಿಕಾವನ್ನು ಟ್ರೇಯಲ್ಲಿ ತೆಳುವಾಗಿ ಹರಡಿ, ಓವನ್ನಿನಲ್ಲಿ ಸುಮಾರು 110ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ ಇಟ್ಟರೆ ಬಣ್ಣ ವಾಪಸ್ ಬರುತ್ತದೆ. ಮತ್ತೆ ಮತ್ತೆ ಬಳಸಬಹುದು. ಆ ಟ್ರೇಯನ್ನು ಆಮೇಲೆ ಅಡುಗೆಗೆ ಬಳಸಬೇಡಿ. ಮೈಕ್ರೋವೇವ್‌ನಲ್ಲಿ ಸಿಲಿಕಾ ಸಮೇತ ನಿಮಿಷಗಳಲ್ಲಿ ಒಣಗಿಸುವವರೂ ಇದ್ದಾರೆ. ನನಗೆ ಅದು ಒಗ್ಗಲಿಲ್ಲ, ಹತ್ತರಲ್ಲಿ ನಾಲ್ಕು ಸುಟ್ಟುಕೊಂಡೆ. ಮಾಡುವುದಾದರೆ ಹೂವಿನಲ್ಲಿ ತಂತಿ ಇರಲೇಬಾರದು.

ಎಲೆಗಳಿಗೆ ಗ್ಲಿಸರಿನ್. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು. ಕಾಂಡದ ತುದಿಯನ್ನು ಸೀಳಿ ಅದರಲ್ಲಿ ನಿಲ್ಲಿಸಿದರೆ, ಒಂದರಿಂದ ಮೂರು ವಾರದಲ್ಲಿ ಎಲೆಯೊಳಗೆ ನೀರಿನ ಜಾಗವನ್ನು ಗ್ಲಿಸರಿನ್ ತುಂಬಿಕೊಳ್ಳುತ್ತದೆ. ಎಲೆ ಮುರಿಯುವುದಿಲ್ಲ, ಚರ್ಮದ ಹಾಗೆ ಬಾಗುತ್ತದೆ. ನೀಲಗಿರಿ ಎಲೆ ಇದಕ್ಕೆ ಹೇಳಿ ಮಾಡಿಸಿದ್ದು. ಬಣ್ಣ ಮಾತ್ರ ಕಂದು ಅಥವಾ ಕಡುಹಸಿರಿಗೆ ತಿರುಗುತ್ತದೆ. ಎಚ್ಚರ ಇರಬೇಕಾದ್ದು ಒಂದು ಕಡೆ: ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಈ ಎಲೆಗಳು ಬೆವರುತ್ತವೆ. ಪಕ್ಕದಲ್ಲಿ ಅಂಟಿಕೊಂಡಂತೆ ಗರಿಗರಿ ಗುಲಾಬಿ ಇದ್ದರೆ ಅದರ ಕಥೆ ಮುಗಿಯಿತು. ಒಂದೇ ಹೂದಾನಿಯಲ್ಲಿ ಎರಡನ್ನೂ ಇಡಬೇಕಾದರೆ ನಡುವೆ ಅಂತರ ಬಿಡಿ. ಪುಸ್ತಕದೊಳಗೆ ಒತ್ತಿ ಒಣಗಿಸುವುದು ಫ್ರೇಮ್ ಹಾಕುವವರ ವಿಷಯ, ಹೂದಾನಿಯ ವಿಷಯವಲ್ಲ. ಅದನ್ನು ಇಲ್ಲಿ ಬಿಡುತ್ತೇನೆ.

ಜೋಡಿಸುವ ಕೆಲಸಕ್ಕೆ ಬಂದರೆ, ತಾಜಾ ಹೂವಿನ ಅಭ್ಯಾಸ ಇದ್ದವರೇ ಜಾಸ್ತಿ ಎಡವುತ್ತಾರೆ. ತಾಜಾ ಹೂವು ಬಣ್ಣದಿಂದ ಕಣ್ಣು ಸೆಳೆಯುತ್ತದೆ. ಒಣಹೂವಿನಲ್ಲಿ ಬಣ್ಣಗಳೆಲ್ಲ ಒಂದು ಮೆಟ್ಟಿಲು ಕೆಳಗಿಳಿದಿರುತ್ತವೆ. ಅಲ್ಲಿ ಕೆಲಸ ಮಾಡುವುದು ಮೈ ಮತ್ತು ಗೆರೆ. ಒರಟು ತಾವರೆ ಕಾಯಿಯ ಪಕ್ಕ ಹತ್ತಿಯಂಥ ಹುಲ್ಲು, ನೆಟ್ಟಗಿನ ತೆನೆಯ ಪಕ್ಕ ಬಳುಕಿದ ಕಡ್ಡಿ. ಹತ್ತು ಥರದ ಹೂವು ತುರುಕಿದರೆ ಧೂಳು ಹಿಡಿದ ಪೊರಕೆ ಕಾಣುತ್ತದೆ, ಕ್ಷಮಿಸಿ, ಆದರೆ ನಿಜ. ಮೂರು ಥರ ಸಾಕು. ಎತ್ತರಕ್ಕೆ ಒಂದು, ತುಂಬು ತಲೆಗೆ ಒಂದು, ನಡುವಿನ ಸಂದಿಗೆ ಒಂದು. ನನ್ನ ಮನೆಯಲ್ಲಿ ಈಗ ಇರುವ ಹೂದಾನಿಯಲ್ಲಂತೂ ಎರಡೇ ಥರ: ಗಸಗಸೆ ಗಿಡದ ಒಣ ಕಾಯಿ ಮತ್ತು ಒಂದು ಬೊಗಸೆ ನೇರಳೆ ಸ್ಟಾಟಿಸ್.

ಹಿಂದಿನ ಗೋಡೆಯನ್ನು ಮರೆಯಬೇಡಿ. ಕೆನೆಬಣ್ಣದ ಪಂಪಾಸ್ ಕೆನೆಬಣ್ಣದ ಗೋಡೆಯ ಮುಂದೆ ಕರಗಿಹೋಗುತ್ತದೆ. ಗೋಡೆ ಬದಲಿಸುವುದಕ್ಕೆ ಆಗುವುದಿಲ್ಲ ಅಂದರೆ ಪಕ್ಕದಿಂದ ಒಂದು ಸಣ್ಣ ಎಲ್‌ಇಡಿ ದೀಪ ಬರುವ ಹಾಗೆ ಮಾಡಿ. ನೆರಳು ಗೋಡೆಯ ಮೇಲೆ ಬಿದ್ದರೆ ಅರ್ಧ ಅಲಂಕಾರ ಅದೇ. ಎಲ್‌ಇಡಿಯಲ್ಲಿ ಅತಿನೇರಳೆ ತೀರಾ ಕಡಿಮೆ, ಬಿಸಿಯೂ ಕಡಿಮೆ. ಸಂಜೆ ಒಂದೆರಡು ಗಂಟೆ ಹಚ್ಚಿದರೆ ಹೆಚ್ಚೇನೂ ಹಾಳಾಗುವುದಿಲ್ಲ.

ಹೂದಾನಿಯಲ್ಲಿ ನೀರು ಇರುವುದಿಲ್ಲವಾದ್ದರಿಂದ ನಿಮಗೆ ದೊಡ್ಡ ಸ್ವಾತಂತ್ರ್ಯ. ಬಿರುಕು ಬಿಟ್ಟ ಮಣ್ಣಿನ ಮಡಕೆ, ಬುಟ್ಟಿ, ಮರದ ಡಬ್ಬಿ, ಯಾವುದಾದರೂ ನಡೆಯುತ್ತದೆ. ಪಾರದರ್ಶಕ ಗಾಜು ಮಾತ್ರ ನನಗೆ ಇಷ್ಟವಿಲ್ಲ. ಒಣ ಕಾಂಡಗಳು ಅಡ್ಡಾದಿಡ್ಡಿ ಕಾಣುತ್ತವೆ. ಒಣಹೂವು ಹಗುರ. ಮೇಲೆ ಎತ್ತರದ ಹುಲ್ಲು, ಕೆಳಗೆ ಖಾಲಿ ಮಡಕೆ, ಒಂದು ಸಲ ಗಾಳಿ ಬಂದರೆ ಎಲ್ಲ ನೆಲದ ಮೇಲೆ. ತಳಕ್ಕೆ ಮರಳು ಅಥವಾ ಬೆಣಚುಕಲ್ಲು ತುಂಬಿ. ಹೂದಾನಿಯ ಎತ್ತರದ ಒಂದೂವರೆಯಿಂದ ಎರಡು ಪಟ್ಟು ಹೂವಿನ ಎತ್ತರ ಅನ್ನುವುದು ಹಳೆಯ ಅಂದಾಜು. ಶುರುವಿಗೆ ಅದು ಸರಿ. ಕೈ ಕುದುರಿದ ಮೇಲೆ ಮುರಿಯಿರಿ.

ಕಡ್ಡಿ ನಿಲ್ಲಿಸುವುದಕ್ಕೆ ಕೋಳಿಬಲೆಯ ತಂತಿಯನ್ನು ಉಂಡೆ ಮಾಡಿ ಮಡಕೆಯ ಬಾಯೊಳಗೆ ಕೂರಿಸುವುದು ನನ್ನ ಪದ್ಧತಿ. ಬೇಕಾದಾಗ ಕಡ್ಡಿ ತೆಗೆದು ಮತ್ತೆ ಚುಚ್ಚಬಹುದು. ಫೋಮ್ ಬಳಸುವುದಾದರೆ ಒಣಹೂವಿಗೆಂದೇ ಬರುವ ಗಟ್ಟಿ ಫೋಮ್ ಬೇರೆ ಇದೆ. ನೀರು ಹೀರುವ ಹಸಿರು ಫೋಮ್‌ಗೆ ಒಣ ಕಡ್ಡಿ ಚುಚ್ಚಿದರೆ ಪುಡಿ ಪುಡಿಯಾಗಿ ಉದುರುತ್ತದೆ. ಆ ಪುಡಿ ಉಸಿರಿಗೆ ಒಳ್ಳೆಯದಲ್ಲ.

ಜೋಡಿಸುವ ದಿನ ಗಾಳಿ ತೀರಾ ಒಣಗಿದ್ದರೆ ಕಡ್ಡಿಗಳು ಕೈಯಲ್ಲೇ ಚಟಚಟ ಮುರಿಯುತ್ತವೆ. ಅಂಥ ದಿನ ಹುಲ್ಲು, ಸ್ಟಾಟಿಸ್‌ಗಳ ಕಾಂಡಕ್ಕೆ ದೂರದಿಂದ ತೆಳುವಾಗಿ ನೀರು ಚಿಮುಕಿಸಿ. ಹತ್ತು ನಿಮಿಷ ಬಿಟ್ಟರೆ ಸ್ವಲ್ಪ ಬಳುಕುತ್ತವೆ. ಜೋಡಿಸಿ ಮುಗಿದ ಮೇಲೆ ಗಾಳಿಗೆ ಬಿಟ್ಟು ಪೂರ್ತಿ ಆರಿಸಬೇಕು. ಸಿಲಿಕಾದಲ್ಲಿ ಒಣಗಿಸಿದ ಗುಲಾಬಿಗೆ ಇದನ್ನು ಮಾಡಬೇಡಿ, ಮುದುರುತ್ತದೆ. ಗಟ್ಟಿ ಕಡ್ಡಿಗಳನ್ನು ಮೊದಲು ಚುಚ್ಚಿ ಹಂದರ ಮಾಡಿಕೊಳ್ಳಿ, ನಾಜೂಕಿನ ಹೂವುಗಳು ಎಲ್ಲಕ್ಕಿಂತ ಕೊನೆಗೆ. ನಡುವೆ ಫೋನ್ ಬಂದರೆ ಎತ್ತಬೇಡಿ. ಒಂದು ಕೈಯಲ್ಲಿ ಜೋಡಿಸಲು ಹೋಗಿ ಇಡೀ ಮಧ್ಯಾಹ್ನದ ಕೆಲಸ ಕಳೆದುಕೊಂಡಿದ್ದೇನೆ.

ಹೇರ್ ಸ್ಪ್ರೇ ಬಗ್ಗೆ ಕೇಳಿದ್ದೀರಿ. ಅದು ಬಣ್ಣ ಉಳಿಸುವುದಿಲ್ಲ, ತೇವ ತಡೆಯುವುದಿಲ್ಲ. ಉದುರುವ ಎಳೆಗಳನ್ನು ಅಂಟಿನಂತೆ ಹಿಡಿಯುತ್ತದೆ, ಅಷ್ಟೇ. ಪಂಪಾಸ್‌ನಂಥ ಉದುರುವ ಹುಲ್ಲಿಗೆ ಹೊರಗೆ ನಿಂತು ಒಂದೇ ಒಂದು ತೆಳು ಸುತ್ತು ಹೊಡೆಯುವುದು ಸರಿ. ಅದಕ್ಕಿಂತ ಮೊದಲು ಹುಲ್ಲನ್ನು ಚೆನ್ನಾಗಿ ಕೊಡವಿ, ಉದುರುವುದೆಲ್ಲ ಅಲ್ಲೇ ಉದುರಲಿ. ಗುಲಾಬಿಗೆ ಹೊಡೆದರೆ ದಳದ ಮೇಲೆ ಅಂಟು ಉಳಿದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಹೊಡೆಯುವಾಗ ಹತ್ತಿರ ಬೆಂಕಿ ಇರಬಾರದು, ಅದು ಭಗ್ ಅಂತ ಹತ್ತಿಕೊಳ್ಳುವ ವಸ್ತು. ಬೆಂಕಿಯ ಮಾತು ಬಂತು ಅಂತ ಹೇಳುತ್ತೇನೆ: ಒಣಹೂವಿನ ಪಕ್ಕ ಮೇಣದಬತ್ತಿ ಹಚ್ಚಿದ ಮೇಜಿನ ಫೋಟೋಗಳನ್ನು ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ. ಒಣಹುಲ್ಲಿನ ಕಟ್ಟು ಅದು, ಬೇರೇನಲ್ಲ.

ಧೂಳಿಗೆ ಹೇರ್ ಡ್ರೈಯರ್ ಸಾಕು. ತಣ್ಣನೆಯ ಗಾಳಿ, ತೀರಾ ಕಡಿಮೆ ವೇಗ, ಒಂದು ಮೊಳ ದೂರ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಧೂಳು ಅಂಟಿಕೊಳ್ಳುವುದಿಲ್ಲ. ಆರು ತಿಂಗಳು ಬಿಟ್ಟು ಒಂದೇ ಸಲ ಮಾಡಿದರೆ ಧೂಳಿನ ಜೊತೆ ಹೂವೂ ಹೋಗುತ್ತದೆ. ಅಷ್ಟೂ ಪುರುಸೊತ್ತಿಲ್ಲ ಅಂದರೆ ಗಾಜಿನ ಗುಮ್ಮಟದೊಳಗೆ ಇಡಿ. ಸಿಲಿಕಾದಲ್ಲಿ ಒಣಗಿಸಿದ ಗುಲಾಬಿಗೆ ಅದೇ ಅತ್ಯುತ್ತಮ ಮನೆ. ತಳದಲ್ಲಿ ಅಲಂಕಾರಕ್ಕೆ ಹಾಸುವ ಒಣ ಪಾಚಿಯ ಕೆಳಗೆ ಒಂದು ಸಿಲಿಕಾ ಪೊಟ್ಟಣ ಬಚ್ಚಿಟ್ಟರೆ ಮಳೆಗಾಲವೂ ದಾಟುತ್ತದೆ.

ಹೂದಾನಿಯ ಸುತ್ತ ಸಣ್ಣ ಪುಡಿ ಬಿದ್ದಿರುವುದು ಕಂಡರೆ ಬರೀ ಉದುರಿದ್ದು ಅಂತ ಬಿಡಬೇಡಿ. ಕಾಯಿಗಳಲ್ಲಿ, ದಪ್ಪ ಹೂವಿನ ತಲೆಯಲ್ಲಿ ಸಣ್ಣ ರಂಧ್ರ ಇದೆಯಾ ನೋಡಿ. ಎರಡು ಮೂರು ಮಿಲಿಮೀಟರಿನ ಕಂದು ದುಂಬಿಯೊಂದು, ತಂಬಾಕು, ಸಾಂಬಾರ ಪದಾರ್ಥಗಳನ್ನೂ ತಿನ್ನುವಂಥದ್ದು, ಒಣಹೂವನ್ನೂ ಬಿಡುವುದಿಲ್ಲ. ಒಣಗಿಸಿದ ಗಿಡಗಳನ್ನು ಸಂಗ್ರಹಿಸಿಡುವ ಸಸ್ಯಾಗಾರಗಳು ಹುಳುವನ್ನು ಕೊಲ್ಲುವುದಕ್ಕೆ ಘನೀಕರಿಸುವ ವಿಧಾನ ಬಳಸುತ್ತವೆ. ನಾವೂ ಅದನ್ನೇ ಮಾಡಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ, ತಣ್ಣನೆಯ ಹೂವಿನ ಮೇಲೆ ಗಾಳಿಯ ನೀರೆಲ್ಲ ಕೂರುತ್ತದೆ. ಒಂದು ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಿ. ಹೊಸದಾಗಿ ಕೊಂಡು ತಂದ ಕಾಯಿ, ತೆನೆಗಳಿಗೆ ಮನೆಯೊಳಗೆ ಬರುವ ಮೊದಲೇ ನಾನು ಈ ಶಿಕ್ಷೆ ಕೊಡುತ್ತೇನೆ.

ಮನೆಯಲ್ಲಿ ಪುಟ್ಟ ಮಕ್ಕಳೋ ಬೆಕ್ಕು ನಾಯಿಗಳೋ ಇದ್ದರೆ ಹೂವಿನ ಆಯ್ಕೆಯಲ್ಲಿ ಜಾಗ್ರತೆ ಬೇಕು. ಹೈಡ್ರೇಂಜಿಯಾ, ನೀಲಗಿರಿ ಎಲೆ ಬೆಕ್ಕು ನಾಯಿಗಳಿಗೆ ಆಗುವುದಿಲ್ಲ. ಅಲಂಕಾರಕ್ಕೆ ಅಂತ ಕೆಲವರು ಗುಲಗಂಜಿ ಬೀಜ, ಹರಳು ಬೀಜ ಸೇರಿಸುತ್ತಾರೆ. ನೋಡಲು ಮಣಿಯಂತೆ ಇರುತ್ತವೆ, ಎರಡೂ ಕಡು ವಿಷ. ಒಂದು ಬೀಜ ಅಗಿದು ನುಂಗಿದರೂ ಮಗುವಿನ ಜೀವಕ್ಕೆ ಅಪಾಯ. ನಾನು ಅವನ್ನು ಮುಟ್ಟುವುದೇ ಇಲ್ಲ.

ಕೊನೆಗೆ, ನಿಮ್ಮ ಹತ್ತಿರ ಈಗ ಇರುವ ಎರಡು ಹೂದಾನಿ ಮತ್ತು ಗುಲಾಬಿಯ ಬೊಕೆ. ಬಾತ್‌ರೂಮಿನದನ್ನು ಇವತ್ತೇ ತೆಗೆಯಿರಿ. ಬೂಷ್ಟನ್ನು ಬ್ರಷ್ಷಿನಿಂದ ಉಜ್ಜಲು ಹೋಗಬೇಡಿ, ಅದರ ಕಣಗಳು ಮನೆಯೆಲ್ಲ ಹರಡುತ್ತವೆ. ಮಾಸ್ಕ್ ಹಾಕಿಕೊಂಡು, ಇದ್ದಲ್ಲೇ ಚೀಲ ಮುಚ್ಚಿ ಬಾಯಿ ಕಟ್ಟಿ ಹೊರಗೆ ಸಾಗಿಸಿ. ಪಂಪಾಸ್ ಅನ್ನು ಬಯಲಿಗೆ ಎಸೆಯಬೇಡಿ. ದಕ್ಷಿಣ ಅಮೆರಿಕದ ಆ ಹುಲ್ಲು ನ್ಯೂಜಿಲೆಂಡ್, ಕ್ಯಾಲಿಫೋರ್ನಿಯಾಗಳಲ್ಲಿ ಬೀಜ ಹಾರಿ ದೊಡ್ಡ ಕಳೆಯಾಗಿದೆ. ಕಟ್ಟಿದ ಚೀಲದಲ್ಲಿ ಕಸಕ್ಕೆ ಹೋಗಲಿ.

ಹಾಲ್‌ನದು ಬಣ್ಣ ಕಳೆದುಕೊಂಡಿದೆ ನಿಜ, ಆದರೆ ಗಟ್ಟಿಯಾಗಿದೆ ತಾನೆ? ಅದನ್ನು ಎಸೆಯಬೇಡಿ. ಕಿಟಕಿಯಿಂದ ಒಳಗಿನ ಗೋಡೆಗೆ ಸರಿಸಿ. ಒಣಹುಲ್ಲಿನ ಬಣ್ಣಕ್ಕೆ ಬಂದ ಹೂವು ಕಡು ಬಣ್ಣದ ಮಡಕೆಯಲ್ಲಿ ಬೇರೆಯೇ ಕಳೆ ಕೊಡುತ್ತದೆ. ಅದಕ್ಕೆ ಐದಾರು ಹೊಸ ಹಳದಿ ಸ್ಟ್ರಾಫ್ಲವರ್ ಸೇರಿಸಿ ನೋಡಿ.

ಗುಲಾಬಿಯ ಕಪ್ಪನ್ನು ತಿರುಗಿ ಕೆಂಪು ಮಾಡುವುದಕ್ಕೆ ಆಗುವುದಿಲ್ಲ. ಪೂರ್ತಿ ಒಣಗಿದ್ದರೆ, ಬೂಷ್ಟಿಲ್ಲದಿದ್ದರೆ, ಗಟ್ಟಿಯಾಗಿರುವ ಎರಡು ಮೂರು ತಲೆ ಆರಿಸಿ ಗಾಜಿನ ಗುಮ್ಮಟದೊಳಗೆ ಇಡಿ. ಪ್ರತಿಯೊಂದರ ಬುಡಕ್ಕೂ ಒಂದು ತೊಟ್ಟು ಅಂಟು ಹಾಕಿದರೆ ದಳ ನಿಲ್ಲುತ್ತದೆ. ಉಳಿದವುಗಳ ತಂತಿ, ಟೇಪು, ರಿಬ್ಬನ್ ಬಿಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಬಣ್ಣ ಹಾಕಿದ, ಬ್ಲೀಚ್ ಮಾಡಿದ, ಸ್ಪ್ರೇ ಹೊಡೆದ ಹೂವನ್ನು ಮಾತ್ರ ಅದಕ್ಕೆ ಸೇರಿಸಬೇಡಿ.